ಜ್ವರ, ಗಂಟಲು ನೋವು, ಎದೆ ಮೇಲೆ ಕೆಂಪು ಚುಕ್ಕೆ: ಇದು ಎಚ್‌ಐವಿ ಲಕ್ಷಣಾನಾ?

ಮಾಂದಲಪಟ್ಟಿ ಜೀಪ್ · ಜುಲೈ 14, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಹೆಸರು ಹೇಳಲ್ಲ, ದಯವಿಟ್ಟು ಯಾರೂ ಕೇಳಬೇಡಿ. ಮಡಿಕೇರಿ ಕಡೆಯವನು, ವಯಸ್ಸು 27. ಟೂರಿಸ್ಟ್‌ಗಳನ್ನ ಮಾಂದಲಪಟ್ಟಿಗೆ ಹತ್ತಿಸೋ ಜೀಪ್ ಓಡಿಸ್ತೀನಿ.

ಜೂನ್ 22ಕ್ಕೆ ಮೈಸೂರಲ್ಲಿ ಫ್ರೆಂಡ್ ಮದುವೆ ಇತ್ತು. ಆಷಾಢಕ್ಕೆ ಮುಂಚೆ ಮುಗಿಸ್ಬೇಕು ಅಂತ ಗಡಿಬಿಡೀಲಿ ಇಟ್ಟಿದ್ರು. ರಾತ್ರಿ ಚೆನ್ನಾಗಿ ಕುಡಿದಿದ್ದೆ. ಅಲ್ಲಿ ಪರಿಚಯ ಆದ ಒಬ್ಬರ ಜೊತೆ ರೂಮಲ್ಲಿ ಉಳ್ಕೊಂಡೆ. ಕಾಂಡೋಮ್ ಇರಲಿಲ್ಲ. ಅವರ ನಂಬರೂ ಇಲ್ಲ, ಊರೂ ಗೊತ್ತಿಲ್ಲ.

ಜುಲೈ 8ಕ್ಕೆ ಜ್ವರ ಬಂತು, 102ರವರೆಗೆ ಹೋಯ್ತು. ಎಂಜಲು ನುಂಗಕ್ಕೂ ಆಗದಷ್ಟು ಗಂಟಲು ನೋವು. ಕುತ್ತಿಗೆ ಎರಡೂ ಪಕ್ಕ ಸಣ್ಣ ಗಂಟು ಕೈಗೆ ಸಿಗ್ತಿತ್ತು. ಮೂರನೇ ದಿನ ಎದೆ, ಬೆನ್ನ ಮೇಲೆ ಕೆಂಪು ಚುಕ್ಕೆ ಎದ್ವು, ತುರಿಕೆ ಇರಲಿಲ್ಲ. ಕ್ಲಿನಿಕ್‌ನಲ್ಲಿ ಡೆಂಗಿ ಟೆಸ್ಟ್ ಮಾಡಿಸಿದ್ರು, ನೆಗೆಟಿವ್. "ಮಳೆಗಾಲದ್ದು, ವೈರಲ್" ಅಂತ ಮಾತ್ರೆ ಕೊಟ್ಟು ಕಳಿಸಿದ್ರು. ಮದುವೆ ರಾತ್ರಿ ವಿಷ್ಯ ಡಾಕ್ಟರಿಗೆ ಹೇಳಿಲ್ಲ, ಅವರು ನಮ್ಮ ಮಾವನಿಗೆ ಚೆನ್ನಾಗಿ ಪರಿಚಯ.

ಈಗ ಜ್ವರ ಬಿಟ್ಟಿದೆ, ಚುಕ್ಕೆ ಮಾಸಿದೆ, ಸುಸ್ತು ಮಾತ್ರ ಇದೆ. ಆದ್ರೆ ಮೊಬೈಲಲ್ಲಿ ಓದಿದ್ದೆಲ್ಲ ನನ್ನ ಮೈಗೇ ಹೊಂದ್ತಾ ಇದೆ. ಇದು ಎಚ್‌ಐವಿ ಮೊದಲ ಹಂತಾನಾ? ಎಷ್ಟು ಹಂತ ಇದೆ, ಹೇಗೆ ಗೊತ್ತಾಗುತ್ತೆ? ಇನ್ನೊಂದು ಪ್ರಶ್ನೆ, ನಗಬೇಡಿ. ಈ ಸೀಸನ್‌ನಲ್ಲಿ ದಿನಾ ಕಾಲಿಗೆ ಜಿಗಣೆ ಹತ್ತುತ್ತೆ, ಟೂರಿಸ್ಟ್ ಕಾಲಿಂದ ಕಿತ್ತು ಬಿಸಾಕೋದೂ ನಾವೇ. ಅದರಿಂದಾನೂ ಬರುತ್ತಾ? ಮನೇಲಿ ಹೆಣ್ಣು ನೋಡ್ತಾ ಇದ್ದಾರೆ. ನಿದ್ದೆ ಹತ್ತುತ್ತಿಲ್ಲ.

ಕುಶಾಲನಗರ ಹುಡ್ಗ · ಜುಲೈ 14, ರಾತ್ರಿ 11:58

ಬ್ರೋ ಟೆನ್ಶನ್ ಬಿಡು. ಏಡ್ಸ್ ಇದ್ರೆ ಮನುಷ್ಯ ಕಡ್ಡಿ ಆಗ್ಬಿಡ್ತಾನೆ, ಮುಖ ನೋಡಿದ್ರೇ ಗೊತ್ತಾಗುತ್ತೆ. ಆ ರೋಡಲ್ಲಿ ಜೀಪ್ ಓಡಿಸೋ ತಾಕತ್ತು ಇದೆ ಅಂದ್ಮೇಲೆ ನಿಂಗೇನೂ ಇಲ್ಲ.

ಬ್ಲಾಸಂ ಮಳೆ · ಜುಲೈ 15, ಬೆಳಿಗ್ಗೆ 7:15

ಎಲ್ಲಾದ್ರೂ ರಕ್ತದಾನ ಶಿಬಿರ ಇದ್ರೆ ಹೋಗಿ ಒಂದು ಬಾಟಲಿ ಕೊಡಿ. ಅವರೇ ಎಲ್ಲ ಟೆಸ್ಟ್ ಮಾಡ್ತಾರೆ, ಫ್ರೀ, ಯಾರಿಗೂ ಅನುಮಾನ ಬರಲ್ಲ. ನಮ್ಮ ಕಸಿನ್ ಹಾಗೇ ಮಾಡಿದ್ದು.

ಸುಂಟಿಕೊಪ್ಪದ ಅಕ್ಕ · ಜುಲೈ 15, ಬೆಳಿಗ್ಗೆ 10:20

ತಮ್ಮಾ, ಮೊದಲು ಮೇಲಿನ ಇಬ್ಬರು ಹೇಳಿದ್ದನ್ನೂ ಬಿಟ್ಟುಬಿಡು. ನಾನು ಐಸಿಟಿಸಿಯಲ್ಲಿ, ಅಂದ್ರೆ ಎಚ್‌ಐವಿ ಪರೀಕ್ಷೆ ಮಾಡೋ ಸರ್ಕಾರಿ ಕೇಂದ್ರದಲ್ಲಿ, ಬಹಳ ವರ್ಷ ಆಪ್ತಸಮಾಲೋಚಕಿ ಆಗಿದ್ದವಳು. ಈಗ ಮನೇಲಿದ್ದೀನಿ. ನಿನ್ನೆಯಿಂದ ಕರೆಂಟ್ ಇಲ್ಲ, ಫೋನಲ್ಲಿ ಚಾರ್ಜ್ ಇರೋವರೆಗೆ ಬರೀತೀನಿ.

ರಕ್ತದಾನದ ಮಾತು ಮೊದಲು. ಪರೀಕ್ಷೆ ಮಾಡಿಸ್ಕೊಳ್ಳೋಕೆ ಅಂತ ರಕ್ತ ಕೊಡೋದು ಮಹಾ ಕೆಟ್ಟ ಕೆಲಸ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ಇರುತ್ತೆ, ಆದ್ರೆ ಟೆಸ್ಟ್‌ಗೆ ಸಿಗದೇ ಹೋಗಬಹುದು. ಅದನ್ನೇ ವಿಂಡೋ ಪೀರಿಯಡ್ ಅನ್ನೋದು. ನಿನ್ನ ಬಾಟಲಿ "ಸರಿ ಇದೆ" ಅಂತ ಮುಂದೆ ಹೋಗುತ್ತೆ, ಹೆರಿಗೇಲಿ ರಕ್ತ ಹೋದ ಯಾರೋ ಹೆಣ್ಣುಮಗಳಿಗೆ ಏರಿಸ್ತಾರೆ. ಆ ಕಸಿನ್ ಮಾಡಿದ್ದು ಜಾಣತನ ಅಲ್ಲ.

ಜಿಗಣೆಗೆ ನಗೋದೇನಿದೆ, ತೋಟದ ಕೆಲಸದವರು ಪ್ರತಿ ಮಳೆಗಾಲ ಕೇಳ್ತಿದ್ದ ಪ್ರಶ್ನೆ ಅದು. ಜಿಗಣೆಯಿಂದ, ಸೊಳ್ಳೆಯಿಂದ ಎಚ್‌ಐವಿ ಹರಡಲ್ಲ. ಒಂದೇ ತಟ್ಟೇಲಿ ಊಟ, ಒಂದೇ ಬಚ್ಚಲು, ಕೈ ಕುಲುಕೋದು, ಕೆಮ್ಮು, ಯಾವುದರಿಂದಲೂ ಇಲ್ಲ. ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿನ ರಕ್ತ, ಒಬ್ಬರು ಚುಚ್ಚಿಕೊಂಡ ಸೂಜಿ ಇನ್ನೊಬ್ಬರಿಗೆ, ತಾಯಿಯಿಂದ ಮಗುವಿಗೆ. ದಾರಿ ಇಷ್ಟೇ.

ಈಗ ನಿನ್ನ ಜ್ವರ. ಜುಲೈನಲ್ಲಿ ಕೊಡಗಿನಲ್ಲಿ ಜ್ವರ ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ರೆ ಯಾರದ್ದು ಏನು ಅಂತ ದೊಡ್ಡ ಡಾಕ್ಟರೂ ಬರೀ ಕಣ್ಣಲ್ಲಿ ಹೇಳಲಾರರು. ಡೆಂಗಿಯಲ್ಲೂ ಮೈ ಮೇಲೆ ಕೆಂಪು ಏಳುತ್ತೆ. ಇಲಿಜ್ವರದಲ್ಲಿ ಮೀನಖಂಡ ಹಿಡಿದುಕೊಂಡು ನೋಯುತ್ತೆ, ಕಣ್ಣು ಕೆಂಪಾಗುತ್ತೆ. ಕೆಸರಲ್ಲಿ ಬರಿಗಾಲಲ್ಲಿ ಓಡಾಡೋರು ಅದನ್ನೂ ಮರೀಬಾರ್ದು. ಎಚ್‌ಐವಿಯ ಮೊದಲ ಜ್ವರವೂ ಇದೇ ವೇಷದಲ್ಲಿ ಬರೋದು. ಸೋಂಕು ತಗುಲಿ ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ಜ್ವರ, ಗಂಟಲು ನೋವು, ಕುತ್ತಿಗೆ ಕಂಕುಳಲ್ಲಿ ಗಂಟು, ಎದೆ ಬೆನ್ನಿನ ಮೇಲೆ ಚುಕ್ಕೆ, ಮೈಕೈ ನೋವು, ರಾತ್ರಿ ಬೆವರು, ಕೆಲವರಿಗೆ ಬಾಯಲ್ಲಿ ಹುಣ್ಣು, ಭೇದಿ. ಮೂಗು ಸೋರೋದು, ಸೀನು, ಇವು ಅದರಲ್ಲಿ ಅಷ್ಟಾಗಿ ಇರಲ್ಲ. ಕೆಲವು ದಿನ, ಹೆಚ್ಚಂದ್ರೆ ಕೆಲವು ವಾರ ಇದ್ದು ಮಾತ್ರೆ ತಗೊಂಡ್ರೂ ಬಿಟ್ರೂ ತಾನಾಗೇ ಹೋಗುತ್ತೆ. ಎಷ್ಟೋ ಜನಕ್ಕೆ ಇದು ಬಂದಿದ್ದೇ ಗೊತ್ತಾಗಲ್ಲ.

ನಿಂಗೆ ಜ್ವರ ಬಂದ ದಿನ, ಗಂಟು, ಚುಕ್ಕೆ ಮೂರೂ ಆ ಲೆಕ್ಕಕ್ಕೆ ಹೊಂದುತ್ತೆ ಅನ್ನೋದನ್ನ ಮುಚ್ಚಿಡಲ್ಲ. ಆದ್ರೆ ಹೊಂದೋದೇ ಬೇರೆ, ಇದೆ ಅನ್ನೋದೇ ಬೇರೆ. ಒಂದೇ ಸಲದ ಸಂಪರ್ಕ, ಆ ವ್ಯಕ್ತಿಗೆ ಸೋಂಕು ಇತ್ತೋ ಇಲ್ಲವೋ ಗೊತ್ತಿಲ್ಲ, ಮೇಲೆ ಮಳೆಗಾಲ. ಲಕ್ಷಣ ನೋಡಿ "ಹೌದು" ಅನ್ನಕ್ಕೂ ಆಗಲ್ಲ, "ಇಲ್ಲ" ಅನ್ನಕ್ಕೂ ಆಗಲ್ಲ. ನಮ್ಮ ಕೇಂದ್ರಕ್ಕೆ ಮೊಬೈಲ್ ಹಿಡ್ಕೊಂಡು, ಲಕ್ಷಣಗಳ ಪಟ್ಟಿಗೆ ಟಿಕ್ ಹಾಕ್ಕೊಂಡೇ ಬಂದ ಹುಡುಗರ ರಿಪೋರ್ಟ್ ನೆಗೆಟಿವ್ ಬಂದಿದ್ದೂ ಉಂಟು. ಹೆಂಡತಿ ಬಸುರಿ ಅಂತ ಚೆಕಪ್‌ಗೆ ಜೊತೇಲಿ ಬಂದು, ನಂಗೂ ಮಾಡಿ ಅಂತ ತಮಾಷೆಗೆ ಕೈ ಚಾಚಿದ ಗಟ್ಟಿಮುಟ್ಟು ಆಳಿಗೆ ಪಾಸಿಟಿವ್ ಬಂದಿದ್ದೂ ಉಂಟು.

ಹಂತ ಕೇಳಿದೆಯಲ್ಲ. ಈ ವೈರಸ್ ಹಿಡಿಯೋದು ರಕ್ತದಲ್ಲಿರೋ ಸಿಡಿ4 ಅನ್ನೋ ಕಣಗಳನ್ನ. ರೋಗದ ವಿರುದ್ಧ ಮೈಯನ್ನ ಎಬ್ಬಿಸಿ ನಿಲ್ಲಿಸೋ ಕಣಗಳು ಅವು. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 500ರಿಂದ 1500 ಇರುತ್ತೆ. ಮೊದಲ ಹಂತದಲ್ಲಿ ವೈರಸ್ ಒಂದೇ ಸಮನೆ ಏರುತ್ತೆ, ಸಿಡಿ4 ಕುಸಿಯುತ್ತೆ, ಜ್ವರ ಆಗ ಬರೋದು. ಬೇರೆಯವರಿಗೆ ಅತಿ ಸುಲಭವಾಗಿ ಹರಡೋದೂ ಆಗಲೇ. ಆಮೇಲೆ ಮೈ ಅರ್ಧಂಬರ್ಧ ಹಿಡಿತಕ್ಕೆ ತರುತ್ತೆ, ಸಿಡಿ4 ಸ್ವಲ್ಪ ಮೇಲೆ ಬರುತ್ತೆ, ಮನುಷ್ಯ ಹುಷಾರಾಗ್ತಾನೆ. ಇದು ಎರಡನೇ ಹಂತ. ಚಿಕಿತ್ಸೆ ಇಲ್ಲದಿದ್ರೆ ಹತ್ತು ವರ್ಷದ ಆಚೀಚೆ ನಡೆಯುತ್ತೆ, ಕೆಲವರಿಗೆ ಬೇಗ ಮುಗಿಯುತ್ತೆ. ಅರೇಬಿಕಾ ಕಾಫಿ ಗಿಡಕ್ಕೆ ಕಾಂಡಕೊರಕ ಹುಳ ಹೊಕ್ಕಿದ್ರೆ ಮೊದಮೊದಲು ಎಲೆ ಹಸಿರಾಗೇ ಇರುತ್ತಲ್ಲ, ತೋಟದಲ್ಲಿ ನಡ್ಕೊಂಡು ಹೋಗೋರಿಗೆ ಏನೂ ಕಾಣಲ್ಲ, ಒಳಗೆ ಸುರಂಗ ಸಾಗ್ತಾ ಇರುತ್ತೆ, ಹಾಗೆ. ಕುಶಾಲನಗರದ ಹುಡುಗ "ಮುಖ ನೋಡಿದ್ರೇ ಗೊತ್ತಾಗುತ್ತೆ" ಅಂದಿದ್ದು ಈ ಹತ್ತು ವರ್ಷಕ್ಕೆ ಪೂರ್ತಿ ಸುಳ್ಳು. ಮೂರನೇದು ಏಡ್ಸ್: ಸಿಡಿ4 200ಕ್ಕಿಂತ ಕೆಳಗೆ ಇಳಿದಾಗ, ಅಥವಾ ಗಟ್ಟಿ ಮೈಗೆ ಅಷ್ಟು ಸುಲಭಕ್ಕೆ ಬಾರದ ಕಾಯಿಲೆಗಳು ಹಿಡಿದಾಗ. ಎಚ್‌ಐವಿ ಇದ್ದವರಿಗೆಲ್ಲ ಏಡ್ಸ್ ಇರಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಕಾಯಿಲೆ ನೋಡಿ ನಾಲ್ಕು ಹಂತ ಮಾಡಿದೆ. ಡಾಕ್ಟರ ಚೀಟೀಲಿ ಸ್ಟೇಜ್ 1, 2, 3, 4 ಅಂತ ಬರೆಯೋದು ಅದನ್ನೇ. ಈ ನಡುವಿನ ಹಂತಗಳ ಬಗ್ಗೆ ನಂಗೆ ಜಾಸ್ತಿ ಹೇಳೋದಿದೆ, ಯಾಕಂದ್ರೆ ಜನ ಮೊದಲ ಜ್ವರಕ್ಕೆ ಹೆದರಿ ಸಾಯ್ತಾರೆ, ನಿಜವಾಗಿ ಎಚ್ಚರಾಗಬೇಕಾದ ಗುರುತುಗಳನ್ನ ಕಂಡೂ ಬಿಟ್ಟುಬಿಡ್ತಾರೆ.

ಸರ್ಪಸುತ್ತು ಗೊತ್ತಲ್ಲ, ಪಕ್ಕೆಯ ಒಂದೇ ಕಡೆ ಪಟ್ಟಿ ಹಾಗೆ ನೀರುಗುಳ್ಳೆ ಏಳೋದು. ವಯಸ್ಸಾದವರಿಗೆ ಬರೋದು ಮಾಮೂಲು. ಮೂವತ್ತು ವರ್ಷದವನಿಗೆ ಬಂತು ಅಂದ್ರೆ ನಾನಂತೂ ಪರೀಕ್ಷೆ ಮಾಡಿಸು ಅಂತೀನಿ. ನಮ್ಮ ಕಡೆ ಅದಕ್ಕೆ ಮಂತ್ರ ಹಾಕಿಸಿ, ಕೆಮ್ಮಣ್ಣು ಬಳಿದು ಸುಮ್ಮನಾಗ್ತಾರೆ. ಹಾಗೇ ತೋಳು, ಕಾಲಿನ ಮೇಲೆ ತಿಂಗಳುಗಟ್ಟಲೆ ತುರಿಸೋ ಸಣ್ಣ ಗುಳ್ಳೆ. ನೋಡಕ್ಕೆ ಥೇಟ್ ಹುಳ ಕಚ್ಚಿದ ಹಾಗೇ. ಕಾಫಿ ಕೊಯ್ಯೋಕೆ ಬಂದ ಒಬ್ಬಾಕೆ ಎರಡು ಸೀಸನ್ ಕೆಂಜಿಗ ಕಚ್ಚಿದ್ದು ಅಂತಲೇ ಎಣ್ಣೆ ಹಚ್ಚಿಕೊಂಡಿದ್ದಳು. ಕೊಯ್ಲು ಮುಗಿದು ಏಪ್ರಿಲ್ ಬಂದ್ರೂ ಗುಳ್ಳೆ ಹೋಗದೇ ಇದ್ದಾಗ ಲೈನ್ ಮನೆಗೆ ಬಂದ ಆಶಾ ಕಾರ್ಯಕರ್ತೆ ಅವಳನ್ನ ನಮ್ಮಲ್ಲಿಗೆ ಕರ್ಕೊಂಡು ಬಂದ್ಲು. ಬಾಯಿ ಕೊನೆ ಒಡೆಯೋದು, ಪದೇ ಪದೇ ಬಾಯಿಹುಣ್ಣು, ಉಗುರಿಗೆ ಫಂಗಸ್, ಮತ್ತೆ ಮತ್ತೆ ಕಫ ಕಟ್ಟೋದು, ಇವೆಲ್ಲ ಎರಡನೇ ಸ್ಟೇಜ್‌ನವು. ಒಂದೊಂದೇ ಬಂದ್ರೆ ಏನೂ ಅಲ್ಲ. ಒಂದರ ಹಿಂದೆ ಒಂದು ಬಂದ್ರೆ ಯೋಚಿಸಬೇಕು.

ಬಾಯಿಗೆ ಟಾರ್ಚ್ ಬಿಟ್ಟು ನೋಡಿದಾಗ ಅಂಗುಳದಲ್ಲಿ, ಕೆನ್ನೆ ಒಳಗೆ ಬಿಳೀ ಪದರ. ಬಟ್ಟೇಲಿ ಒರೆಸಿದ್ರೆ ಕಿತ್ತು ಬರುತ್ತೆ, ಅಡಿಯಲ್ಲಿ ಕೆಂಪಗೆ ಹಸಿ. ಊಟದ ರುಚಿ ಹೋಗಿರುತ್ತೆ. ಅದು ಫಂಗಸ್, ಮೂರನೇ ಸ್ಟೇಜ್‌ನ ಗುರುತು. ನಾಲಿಗೆಯ ಪಕ್ಕದಲ್ಲಿ ಬಿಳೀ ಗೆರೆ ಇದ್ದು ಒರೆಸಿದ್ರೂ ಹೋಗದೇ ಇದ್ರೆ ಅದು ಬೇರೆ, ಅದೂ ಇದೇ ಸ್ಟೇಜ್‌ನದು. ತಿಂಗಳಿಗಿಂತ ಹೆಚ್ಚು ಜ್ವರ, ತಿಂಗಳಿಗಿಂತ ಹೆಚ್ಚು ಭೇದಿ, ಅರವತ್ತು ಕೆ.ಜಿ. ಇದ್ದವನು ಕಾರಣ ಇಲ್ಲದೆ ಆರು ಕೆ.ಜಿ.ಗಿಂತ ಜಾಸ್ತಿ ಇಳಿಯೋದು, ಶ್ವಾಸಕೋಶದ ಟಿಬಿ, ಇವೂ ಅಲ್ಲಿಗೇ ಸೇರ್ತವೆ. ನಮ್ಮ ದೇಶದಲ್ಲಿ ಎಚ್‌ಐವಿ ಇದ್ದವರನ್ನ ಅತಿ ಹೆಚ್ಚು ಕಾಡೋದು ಟಿಬಿಯೇ. ನಾಲ್ಕನೇದಕ್ಕೆ ಹೋದ್ರೆ ಅನ್ನನಾಳಕ್ಕೆ ಫಂಗಸ್ ಇಳಿದು ನುಂಗಕ್ಕಾಗಲ್ಲ, ಮೆದುಳಿನ ಪೊರೆಗೆ ಸೋಂಕು, ನ್ಯುಮೋನಿಯಾದಲ್ಲೇ ಒಂದು ವಿಶೇಷ ಬಗೆ, ಶ್ವಾಸಕೋಶದ ಆಚೆಗಿನ ಟಿಬಿ. ಅಲ್ಲಿವರೆಗೆ ಹೋಗೋ ಅಗತ್ಯ ಇವತ್ತಿನ ಕಾಲದಲ್ಲಿ ಯಾರಿಗೂ ಇಲ್ಲ.

ನಿನ್ನ ಲೆಕ್ಕಕ್ಕೆ ಬರೋಣ. ಘಟನೆ ನಡೆದ 72 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿದ್ರೆ ಪೆಪ್ ಅಂತ ಸೋಂಕು ತಡೆಯೋ 28 ದಿನದ ಮಾತ್ರೆ ಶುರು ಮಾಡಬಹುದಿತ್ತು, ಆ ಬಾಗಿಲು ಈಗ ಮುಚ್ಚಿದೆ. ಇದನ್ನ ಓದ್ತಿರೋ ಬೇರೆಯವರು ನೆನಪಿಟ್ಟುಕೊಳ್ಳಿ, ಬೇಗ ಹೋದಷ್ಟೂ ಒಳ್ಳೇದು. ಇವತ್ತಿಗೆ ನಿಂಗೆ ಮೂರು ವಾರ ಕಳೆದಿದೆ. ವೈರಸ್ಸನ್ನೇ ನೇರ ಹುಡುಕೋ ನ್ಯಾಟ್ ಟೆಸ್ಟ್‌ಗೆ 10ರಿಂದ 33 ದಿನದಲ್ಲಿ ಸಿಗುತ್ತೆ, ಅದು ದುಬಾರಿ. ಆದ್ರೂ ನಿನ್ನ ಹಾಗೆ ಸಂಪರ್ಕದ ಬೆನ್ನಿಗೇ ಜ್ವರ ಬಂದವರಿಗೆ ಡಾಕ್ಟರ್ ಬರೆದುಕೊಡಬಹುದು, ಕೇಳು. ಲ್ಯಾಬ್‌ಗಳಲ್ಲಿ ಫೋರ್ತ್ ಜನರೇಶನ್ ಅಂತ ಮಾಡ್ತಾರೆ, ವೈರಸ್‌ನ ಒಂದು ತುಣುಕು ಮತ್ತು ಅದರ ವಿರುದ್ಧ ಮೈ ಮಾಡಿಕೊಂಡ ಪ್ರತಿಕಾಯ ಎರಡನ್ನೂ ಹುಡುಕೋದು. ತೋಳಿನ ರಕ್ತ ತೆಗೆದು ಮಾಡಿದ್ರೆ 18ರಿಂದ 45 ದಿನ. ಪ್ರತಿಕಾಯ ಮಾತ್ರ ನೋಡೋ ಟೆಸ್ಟ್‌ಗೆ 23ರಿಂದ 90 ದಿನ. ಅದಕ್ಕೇ ನಮ್ಮ ಕೇಂದ್ರಗಳಲ್ಲಿ ಮೂರು ತಿಂಗಳಿಗೆ ಇನ್ನೊಮ್ಮೆ ಬಾ ಅನ್ನೋದು.

ಹಾಗಾಗಿ ಈಗೊಂದು ಮಾಡಿಸು. ಆಗಸ್ಟ್ 6 ದಾಟಿದ ಮೇಲೆ, ಅಂದ್ರೆ 45 ದಿನ ಕಳೆದ ಮೇಲೆ, ಇನ್ನೊಂದು. ಕೈಲ್‌ಪೊಳ್ದ್ ಹಬ್ಬ ಕಳೆದು ಸೆಪ್ಟೆಂಬರ್ 22ರ ನಂತರ ಕೊನೇದು. ಈಗಿನದು ನೆಗೆಟಿವ್ ಬಂತು ಅಂತ ಪಾರ್ಟಿ ಮಾಡಬೇಡ. ಪಾಸಿಟಿವ್ ಅನ್ನೋದನ್ನೂ ಒಂದೇ ಕಿಟ್ ನೋಡಿ ಹೇಳಲ್ಲ. ಮೊದಲನೇದರಲ್ಲಿ ಬಂದ್ರೆ ಬೇರೆ ಬೇರೆ ಇನ್ನೆರಡು ಕಿಟ್‌ನಲ್ಲಿ ನೋಡಿ, ಮೂರೂ ಒಂದೇ ಹೇಳಿದ್ರೆ ಮಾತ್ರ. ಜೊತೆಗೆ ಸಿಫಿಲಿಸ್ ಪರೀಕ್ಷೆಯನ್ನೂ ಕೇಳು. ಅದರ ಎರಡನೇ ಹಂತದಲ್ಲೂ ಮೈಮೇಲೆ ಹೀಗೇ ತುರಿಕೆ ಇಲ್ಲದ ಚುಕ್ಕೆ ಏಳುತ್ತೆ, ಅಂಗೈ ಅಂಗಾಲಿಗೂ ಬರುತ್ತೆ. ಇಂಜೆಕ್ಷನ್‌ಗೆ ವಾಸಿಯಾಗೋ ಕಾಯಿಲೆ, ಸುಮ್ಮನೆ ಬಿಡಬಾರ್ದು. ಹೆಪಟೈಟಿಸ್ ಬಿ ಕೂಡ ನೋಡಿಸು.

ಅಲ್ಲಿವರೆಗೆ ಯಾರ ಜೊತೆಗೂ ಕಾಂಡೋಮ್ ಇಲ್ಲದೆ ಬೇಡ. ಚಾರ್ಜ್ ಮುಗೀತಾ ಬಂತು.

ಮಾಂದಲಪಟ್ಟಿ ಜೀಪ್ · ಜುಲೈ 15, ಮಧ್ಯಾಹ್ನ 1:05

ಅಕ್ಕಾ, ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ಅಂಗೈ ಅಂಗಾಲು ನೋಡ್ಕೊಂಡೆ, ಏನೂ ಇಲ್ಲ. ಒಂದು ಕೇಳ್ತೀನಿ, ಬೇಜಾರಾಗ್ಬೇಡಿ. ಅಕಸ್ಮಾತ್ ಪಾಸಿಟಿವ್ ಬಂದ್ರೆ ಈ ಹಂತ ಎಲ್ಲ ದಾಟ್ಕೊಂಡು ನಾಲ್ಕಕ್ಕೆ ಹೋಗೇ ಹೋಗುತ್ತಾ? ಎಷ್ಟು ವರ್ಷ?

ಹಳೇ ಲಾರಿ · ಜುಲೈ 15, ರಾತ್ರಿ 9:30

ಇದಕ್ಕೆ ನಾನು ಉತ್ತರ ಕೊಡ್ತೀನಿ. ಸಾಮಾನ್ಯವಾಗಿ ಇಲ್ಲಿ ಬರೀ ಓದೋನು, ಕರಿಮೆಣಸಿನ ರೇಟ್ ನೋಡೋಕೆ ಬರೋನು.

ನಂಗೆ ಎಚ್‌ಐವಿ ಇದೆ. ಗೊತ್ತಾಗಿದ್ದು 2010ರಲ್ಲಿ. ಮೊದಲು ಲಾರಿ ಓಡಿಸ್ತಿದ್ದೆ, ಕಾಫಿ ಮೂಟೆ ಹೇರ್ಕೊಂಡು ಹುಣಸೂರು, ಮಂಗಳೂರು ಕಡೆ ಕ್ಯೂರಿಂಗ್‌ಗೆ, ಅಂದ್ರೆ ಬೀಜದ ಸಿಪ್ಪೆ ತೆಗೆಸೋಕೆ. ಈಗ ಪೊನ್ನಂಪೇಟೆ ಹತ್ತಿರ ಒಂದು ಎಸ್ಟೇಟಲ್ಲಿ ರೈಟರ್, ಲೆಕ್ಕ ಬರೆಯೋ ಕೆಲಸ. ಸೋಂಕು ಯಾವಾಗ ಬಂತು ಅಂತ ಇವತ್ತಿಗೂ ಗೊತ್ತಿಲ್ಲ. ನೀನು ಹೇಳ್ತಿರೋ ಆ ಮೊದಲ ಜ್ವರ ನಂಗೆ ನೆನಪೇ ಇಲ್ಲ ಮಾರಾಯ. ಬಂದಿದ್ರೂ ಘಾಟಿ ಇಳಿಯೋವಾಗ ಒಂದು ಮಾತ್ರೆ ನುಂಗಿ, ಮೇಲೆ ಒಂದು ಕ್ವಾರ್ಟರ್ ಹಾಕಿ ಮಲಗಿರ್ತೀನಿ.

ಅಕ್ಕ ಹೇಳಿದ ಸರ್ಪಸುತ್ತು ನಂಗೆ ಬಂದಿತ್ತು. ಎಡಗಡೆ ಪಕ್ಕೆ, ಬೆನ್ನಿಂದ ಹೊಟ್ಟೆಗೆ. ಮುಟ್ಟಿದ್ರೆ ಬೆಂಕಿ. ಔಷಧಿ ಕೊಡೋ ಅಜ್ಜಿ ಹತ್ರ ಹೋದೆ, ಅದೇನೋ ಅರೆದು ಹಚ್ಚಿದ್ರು, ಗುಳ್ಳೆ ಒಣಗಿತು. ಯಾರೂ ರಕ್ತ ನೋಡಿಸು ಅನ್ನಲಿಲ್ಲ. ಅದಾಗಿ ಎರಡು ಮೂರು ವರ್ಷಕ್ಕೆ ಪ್ಯಾಂಟ್ ನಿಲ್ತಿರಲಿಲ್ಲ, ಬೆಲ್ಟಿಗೆ ಮೊಳೇಲಿ ಹೊಸ ತೂತು ಹೊಡ್ಕೋತಿದ್ದೆ. ಸಂಜೆ ಆದ್ರೆ ಮೈ ಬಿಸಿ, ರಾತ್ರಿ ಬನಿಯನ್ ಹಿಂಡೋ ಹಾಗೆ ಬೆವರು. ಹುತ್ತರಿಗೆ ಮನೇಲಿ ಪಂದಿಕರಿ ಮಾಡಿದ್ರೆ ಬಾಯಲ್ಲಿ ಬೂದಿ ಇಟ್ಟ ಹಾಗೆ. ಕಫದಲ್ಲಿ ಟಿಬಿ ಬಂತು. ಟಿಬಿ ಬಂದವರಿಗೆಲ್ಲ ಎಚ್‌ಐವಿನೂ ನೋಡ್ತಾರಲ್ಲ, ಹಾಗೆ ಸಿಕ್ಕಿದ್ದು. ಸಿಡಿ4 86.

ಮೊದಲು ಟಿಬಿ ಮಾತ್ರೆ ಶುರು ಮಾಡಿ, ಕೆಲವು ವಾರ ಬಿಟ್ಟು ಎಆರ್‌ಟಿ, ಅಂದ್ರೆ ಎಚ್‌ಐವಿನ ಹತ್ತಿಕ್ಕೋ ಮಾತ್ರೆ, ಕೊಟ್ರು. 2004ರಿಂದಲೇ ಸರ್ಕಾರ ಅದನ್ನ ಪುಕ್ಕಟೆ ಕೊಡ್ತಾ ಇದೆ. ನಂದು ಆಗಿನ ಮಾತ್ರೆಗಳು: ಜಿಡೋವುಡಿನ್, ಲ್ಯಾಮಿವುಡಿನ್, ರಾತ್ರಿಗೆ ಎಫಾವಿರೆಂಜ್. ಆ ರಾತ್ರಿ ಮಾತ್ರೆ ನುಂಗಿದ್ರೆ ಬೀಳೋ ಕನಸು ಸಿನಿಮಾ ಮಾಡಬಹುದಿತ್ತು, ಎದ್ರೆ ಗೋಡೆ ಹಿಡ್ಕೊಂಡೇ ನಡೀಬೇಕಿತ್ತು. ಕೈ ಉಗುರೆಲ್ಲ ಕಪ್ಪಾಯ್ತು. ಎಸ್ಟೇಟಲ್ಲಿ ಕೇಳಿದೋರಿಗೆ ಗೇರ್‌ಬಾಕ್ಸ್ ಎಣ್ಣೆ ಅಂದೆ. ಈಗ ಒಂದೇ ಮಾತ್ರೆ, ದಿನಕ್ಕೊಂದು, ಡೊಲುಟೆಗ್ರಾವಿರ್ ಇರೋದು. ಕನಸೂ ಇಲ್ಲ, ಉಗುರು ಮೊದಲಿನ ಹಾಗೆ ಆಗಿದೆ. ಹೋದ ಸಲದ ಸಿಡಿ4 600ರ ಮೇಲೆ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡೋ ವೈರಲ್ ಲೋಡ್ ರಿಪೋರ್ಟಲ್ಲಿ "ಟಾರ್ಗೆಟ್ ನಾಟ್ ಡಿಟೆಕ್ಟೆಡ್", ಅಂದ್ರೆ ವೈರಸ್ ಸಿಗಲಿಲ್ಲ, ಅಂತ ಬರುತ್ತೆ. ಹೆಂಡತಿ ನೆಗೆಟಿವ್, ಇವತ್ತಿಗೂ.

ನಿನ್ನ ಪ್ರಶ್ನೆಗೆ ಉತ್ತರ: ಹೋಗೇ ಹೋಗಬೇಕು ಅಂತಿಲ್ಲ. ನಾನು ಆ ಕಡೆ ಬಾಗಿಲವರೆಗೆ ಹೋಗಿ ವಾಪಸ್ ಬಂದೋನು. ನನ್ನ ಕಾಲದಲ್ಲಿ ಸಿಡಿ4 ಇಳಿಯೋವರೆಗೆ ಕಾಯಿಸ್ತಿದ್ರು. 2017ರಿಂದ ಹಾಗಿಲ್ಲ, ಪಾಸಿಟಿವ್ ಬಂದ ಯಾರಿಗೇ ಆಗಲಿ, ಸಿಡಿ4 ಎಷ್ಟೇ ಇರಲಿ, ಮಾತ್ರೆ ಶುರು. ಮೊದಲನೇ ವರ್ಷವೇ ಹಿಡಿದವನಿಗೆ ನಾನು ಪಟ್ಟಿದ್ದು ಒಂದೂ ಪಡೋದು ಬೇಡ.

ಕಷ್ಟ ಇಲ್ಲ ಅಂತ ಹೇಳಲ್ಲ. ಮಾತ್ರೆಗಿಂತ ಜನ ಕಷ್ಟ. ಹರ್ನಿಯಾ ಆಪರೇಷನ್‌ಗೆ ಅಂತ ಒಂದು ಖಾಸಗಿ ಆಸ್ಪತ್ರೆಗೆ ಹೋದೆ, ಹೆಸರು ಬೇಡ. ಫೈಲ್ ಮೇಲೆ ಕೆಂಪು ಸ್ಕೆಚ್‌ಪೆನ್ನಲ್ಲಿ ದೊಡ್ಡದಾಗಿ ಬರೆದು, ವಾರ್ಡ್ ಹುಡುಗನಿಂದ ಹಿಡಿದು ಕ್ಯಾಂಟೀನ್‌ನವರೆಗೆ ಗೊತ್ತಾಗೋ ಹಾಗೆ ಮಾಡಿದ್ರು. ಆಮೇಲೆ "ನಮ್ಮಲ್ಲಿ ಸೌಲಭ್ಯ ಇಲ್ಲ" ಅಂದ್ರು. ಸರ್ಕಾರಿ ಆಸ್ಪತ್ರೇಲಿ ಮಾಡಿಸ್ಕೊಂಡೆ. ಈಗ ಅದಕ್ಕೆ ಕಾನೂನೇ ಇದೆ, 2017ರ ಕಾಯ್ದೆ, 2018ರ ಸೆಪ್ಟೆಂಬರ್‌ನಿಂದ ಜಾರಿ. ಚಿಕಿತ್ಸೆ ಕೊಡಲ್ಲ ಅನ್ನೋ ಹಾಗಿಲ್ಲ, ಕೆಲಸದಿಂದ ತೆಗೆಯೋ ಹಾಗಿಲ್ಲ, ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡೋ ಹಾಗಿಲ್ಲ, ಯಾರಿಗೋ ಹೇಳೋ ಹಾಗಿಲ್ಲ.

ಕುಶಾಲನಗರ ಹುಡ್ಗ · ಜುಲೈ 15, ರಾತ್ರಿ 10:02

ಸಾರಿ ಎಲ್ರಿಗೂ. ಗೊತ್ತಿರ್ಲಿಲ್ಲ. ಅಣ್ಣಾ ಒಂದು ಡೌಟ್, ಹೆಂಡತಿ ನೆಗೆಟಿವ್ ಅಂದ್ರಿ, ಹೇಗೆ?

ಸುಂಟಿಕೊಪ್ಪದ ಅಕ್ಕ · ಜುಲೈ 16, ಬೆಳಿಗ್ಗೆ 8:45

ಕರೆಂಟ್ ಬಂತು. ಇದಕ್ಕೆ ನಾನೇ ಹೇಳ್ತೀನಿ, ಅವರ ಮನೆ ವಿಷಯ ಅವರೇ ಬಿಡಿಸಿ ಹೇಳೋದು ಬೇಡ. ತಪ್ಪದೇ ಮಾತ್ರೆ ತಗೊಂಡು ವೈರಸ್ ರಕ್ತದಲ್ಲಿ ಲೆಕ್ಕಕ್ಕೆ ಸಿಗದಷ್ಟು ಇಳಿದು, ಹಾಗೇ ಉಳಿದಿದ್ರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡಲ್ಲ. ಇದು ಸಮಾಧಾನಕ್ಕೆ ಹೇಳೋ ಮಾತಲ್ಲ, ಸಾವಿರಾರು ದಂಪತಿಗಳನ್ನ ವರ್ಷಗಟ್ಟಲೆ ನೋಡಿ ಖಚಿತ ಮಾಡ್ಕೊಂಡಿದ್ದು. ಬಸುರಿ ಹೆಣ್ಣುಮಗಳು ಮಾತ್ರೆ ತಗೊಂಡ್ರೆ ಮಗುವಿಗೆ ದಾಟೋ ಸಾಧ್ಯತೆಯೂ ತೀರಾ ಕಮ್ಮಿಯಾಗುತ್ತೆ. ಮಾತ್ರೆ ಬಿಟ್ರೆ ಮಾತ್ರ ವೈರಸ್ ಮತ್ತೆ ಏಳುತ್ತೆ. ಮಳೆಗಾಲದಲ್ಲಿ ರಸ್ತೆ ಕುಸಿದು ಎಆರ್‌ಟಿ ಕೇಂದ್ರಕ್ಕೆ ಬರಕ್ಕಾಗಲ್ಲ ಅಂತ ಡೋಸ್ ತಪ್ಪಿಸಿದವರು ಇದ್ರು. ಸ್ಟಾಕ್ ಮುಗಿಯೋಕೆ ವಾರ ಇದೆ ಅನ್ನೋವಾಗಲೇ ಹೋಗಿ ತಂದಿಟ್ಟುಕೊಳ್ಳಿ ಅಂತ ಜೂನ್‌ನಲ್ಲೇ ಎಲ್ಲರಿಗೂ ಫೋನ್ ಮಾಡ್ತಿದ್ದೆ.

ಹಳೇ ಲಾರಿ ಅಣ್ಣಾ, ಉಗುರಿಗೆ ಗೇರ್‌ಬಾಕ್ಸ್ ಎಣ್ಣೆ ಅಂದಿದ್ದು ಓದಿ ನಕ್ಕೆ. ನಮ್ಮಲ್ಲಿಗೆ ಬರ್ತಿದ್ದ ಒಬ್ಬರು ಗೇರುಬೀಜದ ಸಿಪ್ಪೆ ಅಂತಿದ್ರು.

ಮಾಂದಲಪಟ್ಟಿ ಜೀಪ್ · ಜುಲೈ 16, ಬೆಳಿಗ್ಗೆ 9:10

ಅಣ್ಣಾ, ನೀವು ಬರೆದಿದ್ದು ಓದಿದ್ಮೇಲೆ ನಿನ್ನೆ ಸ್ವಲ್ಪ ನಿದ್ದೆ ಬಂತು. ಅಕ್ಕಾ, ಕೊನೇ ಪ್ರಶ್ನೆ. ಮಡಿಕೇರೀಲಿ ಎಲ್ಲಿ ಹೋದ್ರೂ ಯಾರಾದ್ರೂ ನೆಂಟರು ಸಿಕ್ತಾರೆ. ಆಸ್ಪತ್ರೆ ಲ್ಯಾಬಲ್ಲೇ ನಮ್ಮೂರ ಹುಡುಗ ಒಬ್ಬ ಇದ್ದಾನೆ. ಅಲ್ಲಿಗೇ ಹೋಗಬೇಕಾ? ಆಧಾರ್ ವಿಳಾಸ ಮಡಿಕೇರಿದೇ.

ಸುಂಟಿಕೊಪ್ಪದ ಅಕ್ಕ · ಜುಲೈ 16, ಬೆಳಿಗ್ಗೆ 9:35

ಬೇಡ. ಯಾವ ಊರವರು ಯಾವ ಐಸಿಟಿಸಿಗಾದ್ರೂ ಹೋಗಬಹುದು. ವಿರಾಜಪೇಟೆಗೆ ಹೋಗು, ಇಲ್ಲ ಜೀಪ್ ಸಾಮಾನು ತರೋ ನೆಪದಲ್ಲಿ ಮೈಸೂರಿಗೇ ಹೋಗು. ಹತ್ತಿರದ್ದು ಎಲ್ಲಿದೆ ಅಂತ 1097ಕ್ಕೆ ಫೋನ್ ಮಾಡಿದ್ರೆ ಹೇಳ್ತಾರೆ, ಅದು ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಲ್ಯಾಬಿನ ಹುಡುಗ ಹೊರಗೆ ಬಾಯಿ ಬಿಟ್ರೆ ಅವನಿಗೇ ಕಾನೂನು ಬೀಳುತ್ತೆ, ಆದ್ರೆ ನಿಂಗೆ ಮುಜುಗರ ಇದ್ರೆ ಸುಮ್ಮನೆ ಯಾಕೆ.

ಅಲ್ಲಿ ಹೋಗಿ ಕೌಂಟರ್‌ನಲ್ಲಿ ಕತೆ ಹೇಳಬೇಡ. "ಐಸಿಟಿಸಿ ಎಲ್ಲಿ" ಅಂತ ಕೇಳು ಸಾಕು. ಒಳಗೆ ಸಮಾಲೋಚಕರು ಬಾಗಿಲು ಹಾಕ್ಕೊಂಡೇ ಮಾತಾಡ್ತಾರೆ. ಅವರ ಹತ್ರ ಮಾತ್ರ ಜೂನ್ 22 ಅನ್ನೋ ತಾರೀಖನ್ನ ಸರಿಯಾಗಿ ಹೇಳು, ಜ್ವರ ಬಂದ ದಿನಾನೂ ಹೇಳು. ಮುಚ್ಚಿಟ್ರೆ ಅವರು ಇವತ್ತಿನ ನೆಗೆಟಿವ್ ನೋಡಿ "ಹೋಗಪ್ಪ, ಏನಿಲ್ಲ" ಅಂದುಬಿಡಬಹುದು. ರಿಪೋರ್ಟನ್ನ ನಿನ್ನ ಕೈಗೇ ಕೊಡ್ತಾರೆ, ಮನೆಗೆ ಪೋಸ್ಟ್ ಬರಲ್ಲ. ಹೊಟ್ಟೆ ಖಾಲಿ ಇರಬೇಕು ಅಂತಿಲ್ಲ, ತಿಂಡಿ ತಿಂದು ಹೋಗು.

ಹೆಣ್ಣು ನೋಡೋ ವಿಷಯ ಮನೇಲಿ ಸೆಪ್ಟೆಂಬರ್ ಕೊನೆವರೆಗೆ ಮುಂದಕ್ಕೆ ಹಾಕು. ಸೀಸನ್, ಜೀಪ್ ಸಾಲ, ಏನಾದ್ರೂ ನೆಪ ಸಿಗುತ್ತೆ.

ಮಾಂದಲಪಟ್ಟಿ ಜೀಪ್ · ಜುಲೈ 16, ಬೆಳಿಗ್ಗೆ 9:41

ಜೀಪ್ ಸಾಲ ನೆಪ ಅಲ್ಲ ಅಕ್ಕಾ, ನಿಜವಾಗ್ಲೂ ಇದೆ. ನಾಳೆ ರೆಡ್ ಅಲರ್ಟ್ ಅಂತೆ, ಗಾಡಿ ಹತ್ತಿಸಲ್ಲ. ಬೆಳಿಗ್ಗೆ ಬಸ್ಸಿಗೆ ವಿರಾಜಪೇಟೆಗೆ ಹೋಗ್ತೀನಿ. ಸಿಫಿಲಿಸ್ ಟೆಸ್ಟೂ ಕೇಳ್ತೀನಿ.